ಹದಿನೈದು ಸೀಲ್‌ಗಳ ಅಂತರ: ಸೈಮಾ ಸರೋವರದ ಒಂದು ಲೆಕ್ಕ

ಸೀಲ್ ಅಂದ ತಕ್ಷಣ ನಮ್ಮಲ್ಲಿ ಅರ್ಧ ಜನಕ್ಕೆ ನೆನಪಾಗೋದು ಆಫೀಸಿನ ಮೊಹರು, ಇನ್ನರ್ಧ ಜನಕ್ಕೆ ಮೆಕ್ಯಾನಿಕಲ್ ಲ್ಯಾಬಿನ ಆಯಿಲ್ ಸೀಲ್. ಈ ಲೇಖನದ ಸೀಲ್ ಒಂದು ಪ್ರಾಣಿ. ಕಾಲಿನ ಜಾಗದಲ್ಲಿ ಈಜುರೆಕ್ಕೆ, ಮುಖದ ಮೇಲೆ ಉದ್ದ ಮೀಸೆ, ಚರ್ಮದ ಕೆಳಗೆ ದಪ್ಪ ಕೊಬ್ಬಿನ ಪದರ. ನೀರಿನಲ್ಲಿ ಬದುಕಿದರೂ ಉಸಿರಾಡುವುದು ನಮ್ಮ ಹಾಗೆ ಗಾಳಿಯನ್ನೇ, ಮರಿಗೆ ಕೊಡುವುದು ಹಾಲನ್ನೇ. ನಮ್ಮ ಹೊಳೆಗಳಲ್ಲಿ ಕಾಣುವ ನೀರುನಾಯಿಯೇ ಬೇರೆ, ಇದೇ ಬೇರೆ.

ಸೀಲ್‌ಗಳು ಸಾಮಾನ್ಯವಾಗಿ ಸಮುದ್ರದ ಪ್ರಾಣಿಗಳು. ಸಿಹಿನೀರಿನಲ್ಲೇ ಹುಟ್ಟಿ ಸಿಹಿನೀರಿನಲ್ಲೇ ಸಾಯುವ ಸೀಲ್‌ಗಳು ಇರುವ ಜಾಗಗಳನ್ನು ಬೆರಳಲ್ಲೇ ಎಣಿಸಬಹುದು: ರಷ್ಯಾದ ಬೈಕಾಲ್ ಮತ್ತು ಲಡೋಗಾ ಸರೋವರಗಳು, ಕೆನಡಾದ ಕ್ವಿಬೆಕ್ ಪ್ರಾಂತ್ಯದ ಉತ್ತರ ಭಾಗದ ಕೆಲವು ಸರೋವರಗಳು, ಅಲಾಸ್ಕಾದ ಇಲಿಯಾಮ್ನಾ, ಮತ್ತು ಫಿನ್ಲೆಂಡಿನ ಸೈಮಾ. ಬೈಕಾಲ್‌ನಲ್ಲಿ ಸೀಲ್‌ಗಳು ಹತ್ತಾರು ಸಾವಿರ ಇವೆ. ಸೈಮಾದಲ್ಲಿ ಇರುವುದು ಸುಮಾರು 500. ಭೂಮಿಯ ಮೇಲೆ ಬೇರೆಲ್ಲೂ ಈ ಉಪಜಾತಿ ಇಲ್ಲ.

1980ರ ದಶಕದ ಮೊದಲ ವರ್ಷಗಳಲ್ಲಿ ಸೈಮಾದ ಸೀಲ್‌ಗಳು 120ರಿಂದ 150 ಮಾತ್ರ ಉಳಿದಿದ್ದವು. ಅಂದ್ರೆ ನಲವತ್ತು ವರ್ಷದಲ್ಲಿ ಮೂರು ಪಟ್ಟಿಗಿಂತ ಹೆಚ್ಚಾಗಿವೆ. ಇಷ್ಟು ಗೆದ್ದ ಮೇಲೂ ಇದರ ಹೆಸರು ‘ಅಪಾಯದಲ್ಲಿರುವ’ ಜೀವಿಗಳ ಪಟ್ಟಿಯಲ್ಲಿ ಯಾಕಿದೆ? ಇದೇ ಈ ಲೇಖನದ ಪ್ರಶ್ನೆ. ಉತ್ತರ ಹುಡುಕಲು ನಮಗೆ ಬೇಕಾಗುವುದು ಸ್ವಲ್ಪ ಭೂಗೋಳ, ಸ್ವಲ್ಪ ಜೀವಶಾಸ್ತ್ರ, ಮತ್ತು ಎರಡನೇ ಪಿಯುಸಿ ಮಟ್ಟದ ಗಣಿತ.

ಸಮುದ್ರದ ಪ್ರಾಣಿ ಸರೋವರಕ್ಕೆ ಬಂದದ್ದು ಹೇಗೆ?

ಕಳೆದ ಹಿಮಯುಗದಲ್ಲಿ ಫಿನ್ಲೆಂಡ್ ಪೂರ್ತಿ ದಪ್ಪ ಹಿಮದ ಹಾಸಿನ ಕೆಳಗಿತ್ತು. ಆ ಭಾರಕ್ಕೆ ಅಲ್ಲಿನ ನೆಲವೇ ಕೆಳಕ್ಕೆ ಕುಸಿದಿತ್ತು. ಹಾಸಿಗೆ ಮೇಲೆ ಕೂತಾಗ ಸ್ಪಂಜು ತಗ್ಗುತ್ತದೆ, ಎದ್ದ ಮೇಲೆ ನಿಧಾನವಾಗಿ ಮೇಲೇಳುತ್ತದೆ ಅಲ್ವಾ? ಹಾಗೇ ಹಿಮ ಕರಗಿ ಭಾರ ಇಳಿದ ಮೇಲೆ ನೆಲ ಮೇಲಕ್ಕೆ ಏಳತೊಡಗಿತು. ಇಂದಿಗೂ ಫಿನ್ಲೆಂಡಿನ ಕರಾವಳಿ ವರ್ಷಕ್ಕೆ ಕೆಲವು ಮಿಲಿಮೀಟರ್ ಏಳುತ್ತಲೇ ಇದೆ. ಹೀಗೆ ಏಳುವಾಗ ಸಮುದ್ರದ ಜತೆಗಿದ್ದ ನೀರಿನ ಸಂಪರ್ಕ ಕಡಿದುಹೋಗಿ ಒಳನಾಡಿನಲ್ಲಿ ಸರೋವರಗಳು ಉಳಿದವು. ಆ ನೀರಿನಲ್ಲಿದ್ದ ಉಂಗುರ ಸೀಲ್‌ಗಳು ಅಲ್ಲೇ ಉಳಿದುಬಿಟ್ಟವು. ಇದು ನಡೆದು ಸುಮಾರು ಹತ್ತು ಸಾವಿರ ವರ್ಷವಾಯಿತು.

ಮೈಮೇಲೆ ಬೂದು ಬಣ್ಣದ ಹಿನ್ನೆಲೆಯಲ್ಲಿ ತೆಳು ಉಂಗುರಗಳಿರುವುದರಿಂದ ಇದಕ್ಕೆ ಉಂಗುರ ಸೀಲ್ ಎಂದು ಹೆಸರು. ಫಿನ್ನಿಶ್ ಭಾಷೆಯಲ್ಲಿ ಇದು ‘ನೊರ್ಪಾ’. ಆರ್ಕ್ಟಿಕ್ ಸಮುದ್ರದಲ್ಲಿ ಇದರ ದೊಡ್ಡ ಬಳಗವೇ ಇದೆ. ಸೈಮಾದ್ದು ಆ ಬಳಗದಿಂದ ಬೇರೆಯಾದ ಒಂದು ಉಪಜಾತಿ.

ಸೈಮಾ ಅಂದ್ರೆ ದುಂಡಗಿನ ಒಂದು ಕೆರೆ ಅಂತ ಊಹಿಸಿಕೊಳ್ಳಬೇಡಿ. ಸುಮಾರು 4,400 ಚದರ ಕಿಲೋಮೀಟರ್ ನೀರು, ಅಂದ್ರೆ ಬೆಂಗಳೂರು ನಗರ ಜಿಲ್ಲೆಯ ಎರಡರಷ್ಟು. ಅದರೊಳಗೆ ಸಾವಿರಾರು ದ್ವೀಪಗಳು, ಇಕ್ಕಟ್ಟಾದ ನಾಲೆಯಂಥ ಜಲಸಂಧಿಗಳು, ಒಂದಕ್ಕೊಂದು ಕೊಂಡಿ ಹಾಕಿಕೊಂಡ ಬೇರೆ ಬೇರೆ ಹರವುಗಳು. ದಡದಲ್ಲಿ ಲಪ್ಪೇನ್‌ರಾಂತಾ, ಸಾವೊನ್‌ಲಿನ್ನಾದಂಥ ಊರುಗಳು, ಬೇಸಿಗೆ ಮನೆಗಳು, ದೋಣಿಗಳು, ಮೀನುಗಾರಿಕೆ. 500 ಸೀಲ್‌ಗಳನ್ನು 4,400 ಚದರ ಕಿಲೋಮೀಟರಿಗೆ ಹಂಚಿದರೆ ಸರಾಸರಿ ಒಂದಕ್ಕೆ ಒಂಬತ್ತು ಚದರ ಕಿಲೋಮೀಟರ್ ಬರುತ್ತದೆ. ಆದರೆ ಅವು ಹಾಗೆ ಸಮನಾಗಿ ಹರಡಿಲ್ಲ. ಕೆಲವು ಭಾಗಗಳಲ್ಲಿ ಹೆಚ್ಚು, ಕೆಲವೆಡೆ ಬೆರಳೆಣಿಕೆ. ಈ ವಿಷಯಕ್ಕೆ ಮತ್ತೆ ಬರುತ್ತೇವೆ.

ಹಿಮದ ಗೂಡಿನಲ್ಲಿ ಐದು ಕಿಲೋ ಮರಿ

ಸೈಮಾ ಸೀಲ್ ಮರಿ ಹಾಕುವುದು ಫೆಬ್ರವರಿ, ಮಾರ್ಚ್ ತಿಂಗಳಲ್ಲಿ. ಆಗ ಸರೋವರದ ಮೇಲ್ಮೈ ಮಂಜುಗಡ್ಡೆಯಾಗಿರುತ್ತದೆ. ಗಾಳಿ ತಂದ ಹಿಮ ದ್ವೀಪಗಳ ದಡದಲ್ಲಿ ಗುಡ್ಡೆಯಾಗಿ ಕೂರುತ್ತದೆ. ತಾಯಿ ಸೀಲ್ ನೀರಿನ ಕಡೆಯಿಂದ, ಮುಂಗಾಲಿನ ಉಗುರುಗಳಿಂದ ಮಂಜುಗಡ್ಡೆಯಲ್ಲಿ ತೂತು ಕೊರೆದು, ಮೇಲಿರುವ ಹಿಮದ ಗುಡ್ಡೆಯನ್ನು ಒಳಗಿನಿಂದ ತೋಡಿ ಗೂಡು ಮಾಡುತ್ತದೆ. ಹೊರಗಿನಿಂದ ನೋಡಿದರೆ ಬರೀ ಹಿಮ. ಬಾಗಿಲು ಇರುವುದು ನೀರಿನೊಳಗೆ.

ಒಂದು ಹೆರಿಗೆಗೆ ಒಂದೇ ಮರಿ, ತೂಕ ಸುಮಾರು ಐದು ಕಿಲೋ. ಅದಕ್ಕೆ ಆಗ ಕೊಬ್ಬಿನ ಪದರ ಇರುವುದಿಲ್ಲ, ಉಣ್ಣೆಯಂಥ ಕೂದಲು ಮಾತ್ರ. ಗೂಡಿನ ಗೋಡೆ ಚಳಿಗಾಳಿಯನ್ನು ತಡೆಯುತ್ತದೆ, ನರಿಯಂಥ ಬೇಟೆಗಾರರಿಂದ ಮರೆಮಾಡುತ್ತದೆ. ಹಿಮದೊಳಗೆ ಸಿಕ್ಕಿಕೊಂಡ ಗಾಳಿ ಒಳ್ಳೆಯ ಉಷ್ಣನಿರೋಧಕ ಅನ್ನುವುದು ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಹೊಸದೇನಲ್ಲ. ಎರಡು-ಮೂರು ತಿಂಗಳು ಹಾಲು ಕುಡಿದು ಕೊಬ್ಬು ತುಂಬಿಕೊಂಡ ಮರಿ, ಮಂಜುಗಡ್ಡೆ ಕರಗುವ ಹೊತ್ತಿಗೆ ತನ್ನ ಮೀನನ್ನು ತಾನೇ ಹಿಡಿಯಲು ಹೊರಡುತ್ತದೆ. ಮೇ ತಿಂಗಳಲ್ಲಿ ದೊಡ್ಡ ಸೀಲ್‌ಗಳು ಬಂಡೆಗಳ ಮೇಲೆ ಮಲಗಿ ಹಳೆ ಕೂದಲು ಉದುರಿಸುತ್ತವೆ. ಹೆಣ್ಣು ಮರಿ ಹಾಕುವ ವಯಸ್ಸಿಗೆ ಬರಲು ನಾಲ್ಕೈದು ವರ್ಷ ಬೇಕು. ಆಮೇಲೂ ವರ್ಷಕ್ಕೆ ಹೆಚ್ಚೆಂದರೆ ಒಂದು ಮರಿ.

ಈ ಕಡೆಯ ಸಾಲನ್ನು ನೆನಪಿಡಿ. ಇಡೀ ಲೆಕ್ಕ ನಿಂತಿರುವುದು ಅದರ ಮೇಲೆ.

ಇಳಿದದ್ದು ಹೇಗೆ?

ಒಂದು ಕಾಲದಲ್ಲಿ ಸೀಲ್ ಅಂದ್ರೆ ಮೀನು ಕದಿಯುವ ಶತ್ರು. 19ನೇ ಶತಮಾನದ ಕೊನೆಯಿಂದ 1948ರವರೆಗೆ ಸೀಲ್ ಕೊಂದವರಿಗೆ ಬಹುಮಾನ ಕೊಡುತ್ತಿದ್ದರು. 1955ರಲ್ಲಿ ಕಾನೂನಿನ ರಕ್ಷಣೆ ಬಂತು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಸಂಖ್ಯೆ ಇಳಿಯುತ್ತಲೇ ಹೋಯಿತು.

ಯಾಕೆಂದರೆ ಅದೇ ಹೊತ್ತಿಗೆ ಮೀನುಗಾರಿಕೆಗೆ ನೈಲಾನ್ ಬಲೆ ಬಂತು. ನೀರಿನಲ್ಲಿ ಗೋಡೆಯ ಹಾಗೆ ಇಳಿಬಿಡುವ ಗಿಲ್ ನೆಟ್ ಅಗ್ಗ, ಹಗುರ, ಕೊಳೆಯುವುದಿಲ್ಲ. ಹಳೆಯ ಹತ್ತಿ ನೂಲಿನ ಬಲೆಯಾದರೆ ಸೀಲ್ ಹರಿದುಕೊಂಡು ಹೋಗುವ ಸಾಧ್ಯತೆ ಇತ್ತು. ನೈಲಾನಿನ ಕರ್ಷಣ ಬಲ ಜಾಸ್ತಿ. ಮೀನಿಗೆಂದು ಹಾಕಿದ ಬಲೆಗೆ ಸೀಲ್ ಸಿಕ್ಕಿಕೊಂಡರೆ ಮೇಲೆ ಬಂದು ಉಸಿರು ತೆಗೆದುಕೊಳ್ಳಲಾಗದೆ ಮುಳುಗಿ ಸಾಯುತ್ತದೆ. ಅದರಲ್ಲೂ ಆಗಷ್ಟೇ ತಾಯಿಯನ್ನು ಬಿಟ್ಟ, ಬಲವೂ ಅನುಭವವೂ ಇಲ್ಲದ ಮರಿಗಳು. ಮೀನುಗಾರನಿಗೆ ಸೀಲ್ ಬೇಕಿಲ್ಲ, ಯಾರಿಗೂ ಅದನ್ನು ಕೊಲ್ಲುವ ಉದ್ದೇಶವಿಲ್ಲ. ಆದರೂ ಸಾವು ನಡೆಯುತ್ತದೆ.

ಇದರ ಜತೆಗೆ ಪಾದರಸದ ಮಾಲಿನ್ಯ ಸೇರಿಕೊಂಡಿತು. ಕಳೆದ ಶತಮಾನದ ಮಧ್ಯಭಾಗದಲ್ಲಿ ಮರದ ತಿರುಳು ಮತ್ತು ಕಾಗದದ ಉದ್ಯಮದಿಂದ ನೀರಿಗೆ ಪಾದರಸ ಹೋಗುತ್ತಿತ್ತು. ಅದು ಚಿಕ್ಕ ಮೀನಿನಿಂದ ದೊಡ್ಡ ಮೀನಿಗೆ, ಅಲ್ಲಿಂದ ಸೀಲ್‌ನ ದೇಹಕ್ಕೆ ಏರುತ್ತಾ ಹೋಗುತ್ತದೆ. ಆಹಾರ ಸರಪಳಿಯ ತುದಿಯಲ್ಲಿರುವವರಿಗೆ ಎಲ್ಲರ ಪಾಲೂ ಸೇರಿ ಸಿಗುತ್ತದೆ. ಪಾದರಸದ ಬಳಕೆ ನಿಂತ ಮೇಲೆ ಈ ಸಮಸ್ಯೆ ತಗ್ಗಿತು. ಬಲೆ ಮಾತ್ರ ಉಳಿಯಿತು.

500 ಅಂತ ಗೊತ್ತಾಗುವುದು ಹೇಗೆ?

ನೀರೊಳಗಿನ ಪ್ರಾಣಿಯನ್ನು ತಲೆ ಎಣಿಸಿ ಲೆಕ್ಕ ಹಾಕಲಾಗುವುದಿಲ್ಲ. ಸೈಮಾದಲ್ಲಿ ಎರಡು ವಿಧಾನಗಳಿವೆ.

ಮೊದಲನೆಯದು ಗೂಡಿನ ಎಣಿಕೆ. ಚಳಿಗಾಲದ ಕೊನೆಗೆ ಹಿಮ ಕುಸಿದು ಗೂಡುಗಳ ಗುರುತು ಹೊರಗೆ ಕಾಣಿಸುತ್ತದೆ. ಆಗ ಫಿನ್ಲೆಂಡಿನ ಸರ್ಕಾರಿ ಅರಣ್ಯ ಮತ್ತು ಉದ್ಯಾನ ಸಂಸ್ಥೆ ಮೆಟ್ಸಾಹಾಲ್ಲಿಟುಸ್‌ನ ಸಿಬ್ಬಂದಿ ಮತ್ತು ಸ್ವಯಂಸೇವಕರು ದಡ ದಡ ಸುತ್ತಿ, ಮರಿ ಹಾಕಿದ ಗೂಡು ಎಷ್ಟು, ಬರೀ ವಿಶ್ರಾಂತಿಯ ಗೂಡು ಎಷ್ಟು ಅಂತ ಗುರುತು ಮಾಡುತ್ತಾರೆ. ಮಂಜುಗಡ್ಡೆ ಕರಗಿದ ಮೇಲೆ ಮುಳುಗುಗಾರರು ಗೂಡಿದ್ದ ಜಾಗದ ಕೆಳಗೆ ಇಳಿದು ಸತ್ತ ಮರಿ ಇದೆಯಾ, ಹೆರಿಗೆಯ ಮಾಸು ಇದೆಯಾ ಅಂತ ಹುಡುಕುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ನೂರರ ಆಸುಪಾಸು ಮರಿಗಳು ಹುಟ್ಟುತ್ತಿವೆ.

ಎರಡನೆಯದು ಫೋಟೋ. ಪ್ರತಿ ಸೀಲ್‌ನ ಮೈಮೇಲಿನ ಉಂಗುರಗಳ ವಿನ್ಯಾಸ ಬೇರೆ ಬೇರೆ, ನಮ್ಮ ಬೆರಳಚ್ಚಿನ ಹಾಗೆ. ಅದು ಜೀವಮಾನವಿಡೀ ಬದಲಾಗುವುದಿಲ್ಲ. ಮೇ ತಿಂಗಳಲ್ಲಿ ಬಂಡೆ ಮೇಲೆ ಮಲಗಿದಾಗ ಕ್ಯಾಮೆರಾ ಟ್ರ್ಯಾಪ್ ಇಟ್ಟು ಫೋಟೋ ತೆಗೆದರೆ ಯಾವ ಸೀಲ್ ಎಲ್ಲಿದೆ ಅಂತ ಗುರುತಿಸಬಹುದು. ಈ ಉಪಾಯದ ಹಿಂದಿನ ಗಣಿತ ನಮ್ಮ ರಾಜ್ಯದ ಕಾಡಿಗೂ ಹೊಸದಲ್ಲ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಹುಲಿಯ ಪಟ್ಟೆಗಳ ಫೋಟೋ ಇಟ್ಟುಕೊಂಡು ಇದೇ ತತ್ವದಲ್ಲಿ ಹುಲಿಗಳ ಸಂಖ್ಯೆ ಅಂದಾಜಿಸಿ 1995ರಲ್ಲಿ ಪ್ರಕಟಿಸಿದ್ದರು. ಪಟ್ಟೆಯ ಬದಲು ಇಲ್ಲಿ ಉಂಗುರ, ಅಷ್ಟೇ.

ತತ್ವ ಸುಲಭ. ಅಭ್ಯಾಸಕ್ಕೆ ಒಂದು ಲೆಕ್ಕ ಮಾಡೋಣ (ಈ ಅಂಕಿಗಳು ನಾವು ಹಾಕಿಕೊಂಡವು). ಮೊದಲ ಸುತ್ತಿನಲ್ಲಿ 40 ಸೀಲ್‌ಗಳನ್ನು ಗುರುತಿಸಿದಿರಿ. ಎರಡನೇ ಸುತ್ತಿನಲ್ಲಿ 50 ಸಿಕ್ಕವು, ಅವುಗಳಲ್ಲಿ 20 ಮೊದಲೇ ನೋಡಿದವು. ಎರಡನೇ ಸುತ್ತಿನಲ್ಲಿ ಹಳೆಯವುಗಳ ಪಾಲು 20/50. ಇಡೀ ಗುಂಪಿನಲ್ಲೂ ಆ 40ರ ಪಾಲು ಅಷ್ಟೇ ಇರಬೇಕು. ಆದ್ದರಿಂದ ಒಟ್ಟು ಸಂಖ್ಯೆ 40 × 50 ÷ 20 = 100.

ಈಗ ಒಂದು ತಿರುವು. ಫೋಟೋ ಹೊಂದಿಸುವವರು ಆ 20ರಲ್ಲಿ 4ನ್ನು ಗುರುತು ಹಿಡಿಯದೆ ‘ಹೊಸ ಸೀಲ್’ ಅಂತ ಬರೆದುಕೊಂಡರು ಅಂದುಕೊಳ್ಳಿ. ಆಗ 40 × 50 ÷ 16 = 125. ಸರೋವರದಲ್ಲಿ ಒಂದು ಮರಿಯೂ ಹೆಚ್ಚಿಗೆ ಹುಟ್ಟಲಿಲ್ಲ, ಆದರೆ ಕಾಗದದ ಮೇಲೆ ಶೇ 25 ಹೆಚ್ಚಾಯಿತು! ಗುರುತು ತಪ್ಪಿದರೆ ಪ್ರಾಣಿ ಇರುವುದಕ್ಕಿಂತ ಸುರಕ್ಷಿತವಾಗಿ ಕಾಣುತ್ತದೆ. ಕೋಡ್ ಬರೆಯುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಬೇಕು.

ಯಾಕೆಂದರೆ ಈಗ ಆ ಹೊಂದಾಣಿಕೆ ಕೆಲಸಕ್ಕೆ ಕಂಪ್ಯೂಟರ್ ಕೈಹಾಕಿದೆ. ಲಪ್ಪೇನ್‌ರಾಂತಾದಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಷನ್ ತಂಡ, ಪೂರ್ವ ಫಿನ್ಲೆಂಡ್ ವಿಶ್ವವಿದ್ಯಾಲಯದ ಜೀವಶಾಸ್ತ್ರಜ್ಞರ ಜತೆ ಸೇರಿ ಸೀಲ್ ಗುರುತಿಸುವ ಅಲ್ಗಾರಿದಮ್‌ಗಳನ್ನು ಕಟ್ಟಿದೆ. ಕೆಲಸದ ಕ್ರಮ ಹೀಗೆ: ಮೊದಲು ಫೋಟೋದಲ್ಲಿ ಸೀಲ್ ಇರುವ ಭಾಗವನ್ನು ಹಿನ್ನೆಲೆಯಿಂದ ಕತ್ತರಿಸಿ ತೆಗೆಯುವುದು. ಯಾಕೆಂದರೆ ಸೀಲ್ ದಿನಾ ಅದೇ ಬಂಡೆ ಮೇಲೆ ಮಲಗಿದರೆ ಮಾಡೆಲ್ ಸೀಲನ್ನು ಬಿಟ್ಟು ಬಂಡೆಯನ್ನೇ ಕಲಿತುಬಿಡಬಹುದು. ಆಮೇಲೆ ನ್ಯೂರಲ್ ನೆಟ್‌ವರ್ಕ್ ಬಳಸಿ ಉಂಗುರಗಳ ಗೆರೆಗಳನ್ನಷ್ಟೇ ಕಪ್ಪು-ಬಿಳುಪಿನಲ್ಲಿ ಎತ್ತಿಕೊಳ್ಳುವುದು. ಕೊನೆಗೆ ಗೆರೆಗಳ ಸಣ್ಣ ಸಣ್ಣ ತುಣುಕುಗಳನ್ನು ಸಂಖ್ಯೆಗಳಾಗಿಸಿ ಹಳೆಯ ಫೋಟೋಗಳ ಜತೆ ಹೋಲಿಸುವುದು. ಕಷ್ಟ ಎಲ್ಲಿ ಅಂದ್ರೆ, ಸೀಲ್‌ನ ಮೈ ಮನುಷ್ಯರ ಮುಖದ ಹಾಗಲ್ಲ. ಅದು ಹೊರಳುತ್ತದೆ, ಬಾಗುತ್ತದೆ, ಒದ್ದೆಯಾದಾಗ ಒಂದು ಬಣ್ಣ, ಒಣಗಿದಾಗ ಇನ್ನೊಂದು. ಎಡಪಕ್ಕದ ವಿನ್ಯಾಸವೇ ಬೇರೆ, ಬಲಪಕ್ಕದ್ದೇ ಬೇರೆ.

ಈಗ ಮುಖ್ಯ ಲೆಕ್ಕ

ಸುಮಾರು 40 ವರ್ಷದಲ್ಲಿ 150 ಇದ್ದದ್ದು 500 ಆಯಿತು ಅಂತ ಇಟ್ಟುಕೊಳ್ಳೋಣ. ಚಕ್ರಬಡ್ಡಿಯ ಸೂತ್ರ ಹಾಕಿದರೆ ವರ್ಷಕ್ಕೆ ಸರಾಸರಿ ಶೇ 3ರ ಬೆಳವಣಿಗೆ. ಬ್ಯಾಂಕಿನ ಉಳಿತಾಯ ಖಾತೆಯ ಬಡ್ಡಿಯ ಆಸುಪಾಸು!

500ರ ಶೇ 3 ಅಂದ್ರೆ 15.

ಇದೇ ಈ ಲೇಖನದ ತಿರುಳು. ವರ್ಷಕ್ಕೆ ನೂರರಷ್ಟು ಮರಿ ಹುಟ್ಟುತ್ತವೆ, ಎಲ್ಲಾ ವಯಸ್ಸಿನವು ಸೇರಿ ಸುಮಾರು ಎಂಬತ್ತೈದು ಸಾಯುತ್ತವೆ, ಉಳಿಯುವ ಲಾಭ ಹದಿನೈದು. 4,400 ಚದರ ಕಿಲೋಮೀಟರ್ ನೀರಿನಲ್ಲಿ, ಇಡೀ ವರ್ಷದಲ್ಲಿ, ಹದಿನೈದು ಸೀಲ್ ಹೆಚ್ಚಿಗೆ ಸತ್ತರೆ ಬೆಳವಣಿಗೆ ಸೊನ್ನೆ. ಮೂವತ್ತು ಹೆಚ್ಚಿಗೆ ಸತ್ತರೆ ಏರಿದ ವೇಗದಲ್ಲೇ ಇಳಿಯತೊಡಗುತ್ತದೆ.

ಎಲ್ಲಾ ಸಾವಿನ ಬೆಲೆಯೂ ಒಂದೇ ಅಲ್ಲ. ಮರಿಯೊಂದು ಸತ್ತರೆ ದೊಡ್ಡದಾಗುವ ಒಂದು ಸಾಧ್ಯತೆ ಹೋಯಿತು. ಹತ್ತು ವರ್ಷದ ಹೆಣ್ಣು ಸತ್ತರೆ, ನಾಲ್ಕೈದು ವರ್ಷ ಕಾದು ಪಡೆದ ತಾಯಿಯ ಜತೆ ಮುಂದೆ ಹುಟ್ಟಬೇಕಿದ್ದ ಮರಿಗಳೂ ಹೋದವು. ಹಾಗಾಗಿ ಹದಿನೈದು ಅನ್ನುವುದು ಸರಾಸರಿಯ ಮಾತು, ತಪ್ಪಿದ್ದು ಹೆಣ್ಣಾದರೆ ಅಂತರ ಇನ್ನೂ ಸಣ್ಣದು.

ಕಟ್ಟಡ ಕಟ್ಟುವವರು ಫ್ಯಾಕ್ಟರ್ ಆಫ್ ಸೇಫ್ಟಿ ಎಷ್ಟು ಅಂತ ಕೇಳುತ್ತಾರೆ. ಇಲ್ಲಿನ ಫ್ಯಾಕ್ಟರ್ ಆಫ್ ಸೇಫ್ಟಿ 100 ÷ 85. ಒಂದು ಕಾಲಿನಷ್ಟೂ ಇಲ್ಲ. ಆ ಹದಿನೈದನ್ನು ಯಾರು, ಹೇಗೆ ಕಾಯುತ್ತಿದ್ದಾರೆ ನೋಡೋಣ.

ಬಲೆ: ಏಪ್ರಿಲ್ 15ರಿಂದ ಜೂನ್ 30

ಮೊದಲಿಗೆ ನೀರಿನ ಹಕ್ಕು ಇರುವವರ ಜತೆ ಒಪ್ಪಂದ ಮಾಡಿಕೊಂಡು, ಆಮೇಲೆ ಸರ್ಕಾರಿ ಆದೇಶದ ಮೂಲಕ, ಸೀಲ್ ಮರಿ ಹಾಕುವ ಪ್ರದೇಶಗಳಲ್ಲಿ ಏಪ್ರಿಲ್ 15ರಿಂದ ಜೂನ್ 30ರವರೆಗೆ ಬಲೆ ಹಾಕುವುದನ್ನು ನಿಲ್ಲಿಸಲಾಗಿದೆ. ಮರಿಗಳು ಸ್ವತಂತ್ರವಾಗಿ ಓಡಾಡಲು ಶುರುಮಾಡುವ ಕಾಲ ಅದು. ಜತೆಗೆ ಸೀಲ್‌ಗೆ ಅಪಾಯಕಾರಿಯಾದ ಬಲವಾದ ಬಲೆಗಳ ಮೇಲೂ, ಮೀನಿನ ಬೋನುಗಳ ಬಾಯಿ ಎಷ್ಟು ಅಗಲ ಇರಬಹುದು ಅನ್ನುವುದರ ಮೇಲೂ ನಿರ್ಬಂಧ ಇದೆ. ಬೋನಿನ ಬಾಯಿ ಕಿರಿದಾದರೆ ಮೀನು ಒಳಗೆ ಹೋಗುತ್ತದೆ, ಸೀಲ್‌ನ ತಲೆ ಹೋಗುವುದಿಲ್ಲ. ಇಷ್ಟು ಸರಳ ವಿನ್ಯಾಸದ ಬದಲಾವಣೆ ಜೀವ ಉಳಿಸುತ್ತದೆ.

ಜಗಳ ಇರುವುದು ಜುಲೈ ತಿಂಗಳಿನ ಬಗ್ಗೆ. ಜುಲೈ 1ಕ್ಕೆ ಬಲೆ ಮತ್ತೆ ನೀರಿಗಿಳಿಯುತ್ತದೆ, ಮರಿಗಳು ಇನ್ನೂ ಎಳೆಯವೇ. ನಿರ್ಬಂಧವನ್ನು ಜುಲೈ ಕೊನೆಯವರೆಗೆ ಎಳೆಯಬೇಕು ಎಂದು ಸಂರಕ್ಷಣೆಯವರ ಒತ್ತಾಯ. ಸ್ಥಳೀಯರ ವಾದವೂ ಸುಳ್ಳಲ್ಲ: ಜುಲೈ ಅವರ ರಜೆಯ ತಿಂಗಳು, ಅಜ್ಜನ ಕಾಲದಿಂದ ದಡದ ಮನೆಯಲ್ಲಿ ಬಲೆ ಹಾಕಿ ಮೀನು ಹಿಡಿದು ತಿಂದ ಅಭ್ಯಾಸ. ಹೊರಗಿನವರು ಬಂದು ನಮ್ಮ ನೀರಿನಲ್ಲಿ ನಮಗೇ ಬುದ್ಧಿ ಹೇಳುತ್ತಾರೆ ಅನ್ನುವ ಸಿಟ್ಟು ಯಾವ ದೇಶದಲ್ಲಾದರೂ ಒಂದೇ. ಕಾಡಂಚಿನ ಹಳ್ಳಿಗಳವರು ಇದನ್ನು ಇನ್ನೂ ಚೆನ್ನಾಗಿ ಬಲ್ಲರು. ಆದರೂ ಹದಿನೈದರ ಲೆಕ್ಕ ಗೊತ್ತಿರುವವರಿಗೆ ಒಂದು ತಿಂಗಳ ಬಲೆ ಅಂದ್ರೆ ಏನು ಅನ್ನುವುದು ತಿಳಿಯುತ್ತದೆ.

ಹಿಮ: ಸಲಿಕೆ ಹಿಡಿದ ಸ್ವಯಂಸೇವಕರು

2006 ಮತ್ತು 2007ರ ಚಳಿಗಾಲಗಳಲ್ಲಿ ಸೈಮಾದಲ್ಲಿ ಹಿಮ ಸರಿಯಾಗಿ ಬೀಳಲಿಲ್ಲ. ಗೂಡುಗಳು ಕುಸಿದವು, ಸತ್ತ ಮರಿಗಳ ಪಾಲು ಏರಿತು. ವಾತಾವರಣ ಬಿಸಿಯಾಗುತ್ತಾ ಹೋದಂತೆ ಇಂಥ ಚಳಿಗಾಲಗಳು ಹೆಚ್ಚಾಗುತ್ತವೆ ಅನ್ನುವುದು ಸ್ಪಷ್ಟವಿತ್ತು. ಸಮುದ್ರದ ಸೀಲ್ ಆದರೆ ಇನ್ನೂ ಉತ್ತರಕ್ಕೆ ಈಜಿ ಹೋಗಬಹುದು. ಸರೋವರದ್ದು ಎಲ್ಲಿಗೆ ಹೋಗಬೇಕು?

ಪೂರ್ವ ಫಿನ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಒಂದು ಉಪಾಯ ಮಾಡಿದರು: ಹಿಮ ತಾನಾಗಿ ಗುಡ್ಡೆಯಾಗದಿದ್ದರೆ ನಾವೇ ಗುಡ್ಡೆ ಹಾಕೋಣ. ಹಿಂದೆ ಗೂಡು ಇದ್ದ ದಡಗಳಲ್ಲಿ, ಇರುವಷ್ಟು ಹಿಮವನ್ನೇ ಸಲಿಕೆಯಿಂದ ಎಳೆದು ಒಟ್ಟುಮಾಡಿ, ಹಲವು ಮೀಟರ್ ಉದ್ದದ ದಿಬ್ಬ ಕಟ್ಟುವುದು. ಸೀಲ್ ಬಂದು ಕೆಳಗಿನಿಂದ ತೋಡಿಕೊಳ್ಳುತ್ತದೆ. 2014ರ ಚಳಿಗಾಲ ಮತ್ತೆ ಕೈಕೊಟ್ಟಾಗ ಇನ್ನೂರಕ್ಕೂ ಹೆಚ್ಚು ದಿಬ್ಬಗಳನ್ನು ಕಟ್ಟಿದರು. ಆ ವರ್ಷ ಎಣಿಕೆಗೆ ಸಿಕ್ಕ ಮರಿಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಮನುಷ್ಯರು ಕಟ್ಟಿದ ದಿಬ್ಬಗಳಲ್ಲೇ. ಸೀಲ್‌ಗಳಿಗೆ ಗುತ್ತಿಗೆದಾರ ಯಾರಾದರೇನು, ಮನೆ ಗಟ್ಟಿ ಇದ್ದರೆ ಸಾಕು.

ಹಿಮವೇ ಬೀಳದ, ಮಂಜುಗಡ್ಡೆಯೇ ಕಟ್ಟದ ಚಳಿಗಾಲ ಬಂದರೆ? ಅದಕ್ಕೆಂದು ಕೃತಕ ಗೂಡುಗಳ ಪ್ರಯೋಗವೂ ನಡೆದಿದೆ. ಇಲ್ಲಿ ಲೆಕ್ಕ ನೋಡಿ: ಒಂದು ಕೆಟ್ಟ ಚಳಿಗಾಲದಲ್ಲಿ ನೂರು ಮರಿಗಳಲ್ಲಿ ಮಾಮೂಲಿಗಿಂತ 20 ಹೆಚ್ಚಿಗೆ ಸತ್ತರೆ, 15ರ ಲಾಭ 5ರ ನಷ್ಟವಾಗುತ್ತದೆ. ಆ ಸಲಿಕೆಗಳು ತುಂಬುತ್ತಿರುವುದು ಇದೇ ಅಂತರವನ್ನು.

ನೀರಿನ ಮಟ್ಟ: ಗೇಟ್ ತಿರುಗಿಸುವವರ ಕೈಯಲ್ಲಿ

ಸಿವಿಲ್ ವಿಭಾಗದವರು ಈ ಭಾಗವನ್ನು ಗಮನವಿಟ್ಟು ಓದಿ. ಸೈಮಾದ ನೀರು ವುಓಕ್ಸಿ ನದಿಯ ಮೂಲಕ ಹೊರಗೆ ಹೋಗುತ್ತದೆ. ಇಮಾತ್ರಾದಲ್ಲಿ ಜಲವಿದ್ಯುತ್ ಸ್ಥಾವರ, ಅಲ್ಲಿಂದ ಮುಂದೆ ರಷ್ಯಾ, ಕೊನೆಗೆ ಲಡೋಗಾ ಸರೋವರ. ಎಷ್ಟು ನೀರು ಬಿಡಬೇಕು ಅನ್ನುವುದಕ್ಕೆ ಎರಡು ದೇಶಗಳ ನಡುವೆ 1991ರಿಂದ ಒಪ್ಪಂದ ಇದೆ.

ಸೀಲ್‌ಗೂ ಇದಕ್ಕೂ ಏನು ಸಂಬಂಧ? ಗೂಡು ಇರುವುದು ದಡಕ್ಕೆ ಅಂಟಿದ ಮಂಜುಗಡ್ಡೆಯ ಮೇಲೆ. ನಡು ಚಳಿಗಾಲದಲ್ಲಿ ನೀರಿನ ಮಟ್ಟ ಇಳಿದರೆ ಮಂಜುಗಡ್ಡೆಗೆ ಕೆಳಗಿನ ಆಧಾರ ತಪ್ಪಿ, ದಡದ ಹತ್ತಿರ ಬಿರುಕು ಬಿಟ್ಟು ಬಾಗುತ್ತದೆ, ಗೂಡು ಕುಸಿಯುತ್ತದೆ. ಮಟ್ಟ ಏರಿದರೆ ಗೂಡಿಗೆ ನೀರು ನುಗ್ಗುತ್ತದೆ. ಹಾಗಾಗಿ ಮರಿಗಳ ಕಾಲದಲ್ಲಿ ಮಟ್ಟ ಆದಷ್ಟು ಸ್ಥಿರವಾಗಿರುವಂತೆ ನೀರು ಬಿಡುವ ಪ್ರಮಾಣವನ್ನು ಹೊಂದಿಸಿದ ಉದಾಹರಣೆಗಳಿವೆ. ಪ್ರವಾಹ ನಿಯಂತ್ರಣ, ವಿದ್ಯುತ್ತು, ಹಡಗು ಸಂಚಾರ ಇವುಗಳ ಸಾಲಿನಲ್ಲಿ ಒಂದು ಐದು ಕಿಲೋ ಮರಿಯೂ ಡಿಸೈನ್ ಕಂಡೀಷನ್ ಆಗಿ ಸೇರಿಕೊಂಡಿದೆ. ನಾಳೆ ನಮ್ಮಲ್ಲೇ ಯಾರೋ ಒಬ್ಬರು ಯಾವುದೋ ಅಣೆಕಟ್ಟಿನ ಗೇಟ್ ವೇಳಾಪಟ್ಟಿ ಮಾಡುವಾಗ ಕೆಳಗಡೆ ಏನೇನು ಮೊಟ್ಟೆ ಇಡುತ್ತದೆ, ಏನೇನು ಮರಿ ಹಾಕುತ್ತದೆ ಅಂತ ಒಮ್ಮೆ ಕೇಳಿದರೆ ಈ ಪಾಠ ಸಾರ್ಥಕ.

ಪಟ್ಟಿಯಲ್ಲಿ ಜಾಗ ಎಲ್ಲಿ?

ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಸೈಮಾ ಸೀಲ್ ‘ಅಪಾಯದಲ್ಲಿರುವ’ ವರ್ಗದಲ್ಲಿದೆ. ಫಿನ್ಲೆಂಡಿನ ರಾಷ್ಟ್ರೀಯ ಪಟ್ಟಿಯಲ್ಲಿ ಮೊದಲು ಇದಕ್ಕಿಂತ ಕೆಟ್ಟದಾದ ‘ತೀವ್ರ ಅಪಾಯ’ದಲ್ಲಿತ್ತು, 2015ರಲ್ಲಿ ಒಂದು ಮೆಟ್ಟಿಲು ಮೇಲೆ ಬಂತು.

ಈ ವರ್ಗಗಳನ್ನು ಯಾರೋ ಮನಸ್ಸಿಗೆ ಬಂದಂತೆ ಕೊಡುವುದಿಲ್ಲ, ಅಳತೆಗೋಲುಗಳಿವೆ: ಎಷ್ಟು ವೇಗವಾಗಿ ಇಳಿಯುತ್ತಿದೆ, ಎಷ್ಟು ಸಣ್ಣ ಪ್ರದೇಶದಲ್ಲಿದೆ, ಎಷ್ಟು ಉಳಿದಿವೆ, ನಿರ್ನಾಮವಾಗುವ ಸಂಭವನೀಯತೆ ಎಷ್ಟು. ಸಂಖ್ಯೆಯ ಅಳತೆಗೋಲು ಸುಲಭ. ಸಂತಾನ ಪಡೆಯುವ ವಯಸ್ಸಿನವು 50ಕ್ಕಿಂತ ಕಡಿಮೆ ಇದ್ದರೆ ತೀವ್ರ ಅಪಾಯ, 250ಕ್ಕಿಂತ ಕಡಿಮೆ ಇದ್ದರೆ ಅಪಾಯ, 1,000ಕ್ಕಿಂತ ಕಡಿಮೆ ಇದ್ದರೆ ದುರ್ಬಲ. ಗಮನಿಸಿ, ಒಟ್ಟು ಸಂಖ್ಯೆ ಅಲ್ಲ, ವಯಸ್ಕರ ಸಂಖ್ಯೆ. 500ರಲ್ಲಿ ಅರ್ಧ ವಯಸ್ಕ ಅಂತ ಹಿಡಿದರೆ 250, ಸರಿಯಾಗಿ ಗೆರೆಯ ಮೇಲೆ!

ಗೆರೆ ದಾಟಿದ ಮರುದಿನವೇ ವರ್ಗ ಬದಲಾಗುವುದಿಲ್ಲ. ಕೆಳಗಿನ ಅಪಾಯದ ವರ್ಗಕ್ಕೆ ಇಳಿಸಬೇಕಾದರೆ ಕನಿಷ್ಠ ಐದು ವರ್ಷ ಹಳೆ ವರ್ಗದ ಯಾವ ಅಳತೆಗೂ ಸಿಗದೆ ಇರಬೇಕು. ಆದರೂ ನಮಗೆ ಇಲ್ಲೊಂದು ಆತಂಕ ಇದೆ. ಬಲೆ ನಿಲ್ಲಿಸಿ, ಹಿಮ ಒಟ್ಟಿ, ನೀರು ಹೊಂದಿಸಿ ಬಂದ ಸಂಖ್ಯೆ ಅದು. ಅಂಕಿ ಚೆನ್ನಾಗಿದೆ ಅಂತ ‘ಇನ್ನು ಸಾಕು’ ಅಂದರೆ, ಅಂಕಿ ಚೆನ್ನಾಗಿರಲು ಕಾರಣವಾದದ್ದನ್ನೇ ತೆಗೆದಂತೆ. ಕಂಟ್ರೋಲ್ ಸಿಸ್ಟಮ್ಸ್ ಭಾಷೆಯಲ್ಲಿ ಹೇಳೋದಾದರೆ, ಔಟ್‌ಪುಟ್ ಸರಿ ಇದೆ ಅಂತ ಫೀಡ್‌ಬ್ಯಾಕ್ ವೈರ್ ಕತ್ತರಿಸುವುದು.

ಸಂಖ್ಯೆ ಹೇಳದ ಇನ್ನೊಂದು ವಿಷಯ ವಂಶವಾಹಿಗಳದ್ದು. ಹತ್ತು ಸಾವಿರ ವರ್ಷ ಒಂದೇ ಸರೋವರದಲ್ಲಿ ಉಳಿದದ್ದರಿಂದ, ಮೇಲೆ ನೂರೈವತ್ತಕ್ಕೆ ಇಳಿದಿದ್ದರಿಂದ ಈ ಸೀಲ್‌ಗಳ ಆನುವಂಶಿಕ ವೈವಿಧ್ಯ ತುಂಬಾ ಕಡಿಮೆ. ಅದರ ಮೇಲೆ ದ್ವೀಪಗಳ ನಡುವಿನ ಇಕ್ಕಟ್ಟು ದಾರಿಗಳಿಂದಾಗಿ ಗುಂಪುಗಳು ಬೇರೆ ಬೇರೆಯಾಗಿ ಉಳಿದಿವೆ, ಒಂದು ಕಡೆಯದು ಇನ್ನೊಂದು ಕಡೆಗೆ ಹೋಗುವುದು ಅಪರೂಪ. ಮೊದಲೇ ಹೇಳಿದ ‘ಸಮನಾಗಿ ಹರಡಿಲ್ಲ’ ಅನ್ನುವ ಮಾತಿನ ಅರ್ಥ ಇದು. 500 ಅನ್ನುವುದು ಒಂದು ದೊಡ್ಡ ಗುಂಪಲ್ಲ, ಹಲವು ಸಣ್ಣ ಗುಂಪುಗಳ ಮೊತ್ತ. ಹೊಸದೊಂದು ರೋಗ ಬಂದರೆ ಎಲ್ಲವೂ ಒಂದೇ ರೀತಿ ಸೋಲುವ ಅಪಾಯ ಇದೆ.

ನೀವೂ ಲೆಕ್ಕ ಹಾಕಿ ನೋಡಿ

ಮುಂದೆ ಯಾವುದಾದರೂ ಪ್ರಾಣಿಯ ಸಂಖ್ಯೆ ಹೆಚ್ಚಾಯಿತು ಅಂತ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿ. ಎಣಿಸಿದ್ದು ಹೇಗೆ? ವರ್ಷದ ಲಾಭ ಎಷ್ಟು? ಆ ಲಾಭವನ್ನು ಹಿಡಿದಿಟ್ಟಿರುವ ಕೈ ಯಾವುದು, ಅದು ಬಿಟ್ಟರೆ ಏನಾಗುತ್ತದೆ? ಅಭ್ಯಾಸಕ್ಕೆ ಕೆಳಗಿನವನ್ನು ಬಿಡಿಸಿ.

1. ಶೇ 3ರ ದರದಲ್ಲಿ 500 ಸೀಲ್‌ಗಳು 1,000 ಆಗಲು ಎಷ್ಟು ವರ್ಷ ಬೇಕು? (ಸುಮಾರು 23.) ದರ ಶೇ 1.5ಕ್ಕೆ ಇಳಿದರೆ? (ಸುಮಾರು 47. ಅಂದ್ರೆ ವರ್ಷಕ್ಕೆ ಏಳೆಂಟು ಸೀಲ್ ಹೆಚ್ಚಿಗೆ ಸತ್ತರೆ ಎರಡು ದಶಕ ಹಿಂದೆ ಬೀಳುತ್ತೇವೆ.)

2. ಮೇಲಿನ ಫೋಟೋ ಲೆಕ್ಕದಲ್ಲಿ ಗುರುತು ತಪ್ಪುವುದು ಇನ್ನೊಂದು ದಿಕ್ಕಿನಲ್ಲಾದರೆ, ಅಂದ್ರೆ ಎರಡು ಬೇರೆ ಸೀಲ್‌ಗಳನ್ನು ಒಂದೇ ಅಂದುಕೊಂಡರೆ, ಅಂದಾಜು ಏರುತ್ತದೋ ಇಳಿಯುತ್ತದೋ? ಎರಡು ತಪ್ಪುಗಳಲ್ಲಿ ಸೀಲ್‌ಗೆ ಹೆಚ್ಚು ಅಪಾಯ ಯಾವುದು?

3. ನಿಮ್ಮ ಬಳಿ ಒಂದು ವರ್ಷಕ್ಕೆ ಒಂದೇ ಕೆಲಸಕ್ಕೆ ಹಣ ಇದೆ: ಜುಲೈ ತಿಂಗಳ ಬಲೆ ನಿಲ್ಲಿಸಲು ಮೀನುಗಾರರಿಗೆ ಪರಿಹಾರ, ಅಥವಾ ಇನ್ನೂರು ಹಿಮದ ದಿಬ್ಬ. ಚಳಿಗಾಲ ಹೇಗಿರುತ್ತದೆ ಎಂದು ಮೊದಲೇ ತಿಳಿಯದು. ಯಾವುದನ್ನು ಆರಿಸುತ್ತೀರಿ? ಮೂರನೆಯದಕ್ಕೆ ಹಿಂದಿನ ಪುಟದಲ್ಲಿ ಉತ್ತರ ಇಲ್ಲ. ಸೈಮಾದ ದಡದಲ್ಲಿರುವವರೂ ಪ್ರತಿ ವರ್ಷ ಇದನ್ನೇ ಬಿಡಿಸುತ್ತಿದ್ದಾರೆ. ನಿಮ್ಮ ಉತ್ತರವನ್ನು, ಲೆಕ್ಕದ ಸಮೇತ, ಕನ್ನಡ ಸಂಘದ ಮುಂದಿನ ಸಭೆಗೆ ತನ್ನಿ.